ಹದಿಮೂರು ಮೆಟ್ಟಿಲು, ಆರು ಮೀಟರ್

ಅವ್ವ ಧಾರವಾಡದಿಂದ ಬಂದ ಎರಡನೇ ದಿನ ಬೆಳಿಗ್ಗೆ ಮೆಟ್ಟಿಲ ತುದಿಯಲ್ಲೇ ಕೂತುಬಿಟ್ಟಿದ್ದಳು. ಜಾರಿ ಬಿದ್ದಿರಲಿಲ್ಲ, ಇಳಿಯಲು ಧೈರ್ಯ ಸಾಲದೆ ಕೂತಿದ್ದಳು. "ತಮ್ಮಾ, ಇದೇನ್ ಮೆಟ್ಟಲೋ, ಅಟ್ಟದ ನಿಚ್ಚಣಿಕಿಯೋ?"

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮದು 1890ರ ದಶಕದ ಕೆಂಪು ಇಟ್ಟಿಗೆಯ ಸಾಲುಮನೆ. ಎರಡು ಗೋಡೆಗಳ ನಡುವೆ ಇಕ್ಕಟ್ಟಾಗಿ ಏರುವ ಹದಿಮೂರು ಮೆಟ್ಟಿಲು. ಮೇಲಿನ ಮೂರು ಬೀಸಣಿಗೆ ಬಿಚ್ಚಿದ ಹಾಗೆ ತಿರುಗಿಕೊಳ್ಳುತ್ತವೆ. ಕಾಲಿಗೆ ಉಣ್ಣೆಯ ಸಾಕ್ಸ್, ಕೆಳಗೆ ಸವೆದು ನುಣ್ಣಗಾದ ಹಳೆಯ ಕಾರ್ಪೆಟ್. ಆ ಶನಿವಾರವೇ ಅದನ್ನು ಕಿತ್ತು ಹಾಕಿ, ನಡುವೆ ಮಾತ್ರ ಹಾಯುವ ಉಣ್ಣೆಯ ರನ್ನರ್ ಹಾಸಲು ನಿಶ್ಚಯಿಸಿದೆ. ಕೆಲಸದವರನ್ನು ಕರೆಯುವುದು ಬೇಡ, ನಾನೇ ಮಾಡುತ್ತೇನೆ ಅಂದುಕೊಂಡದ್ದು ಮೊದಲ ತಪ್ಪು.

ಎರಡನೆಯದು ಲೆಕ್ಕದ್ದು. ಕೆಳಗಿನ ಮೆಟ್ಟಿಲೊಂದನ್ನು ಅಳೆದೆ: ಎತ್ತರ, ಅಗಲ, ಮುಂದೆ ಚಾಚಿದ ಮೂಗಿನ ಸುತ್ತಳತೆ ಎಲ್ಲ ಸೇರಿ 45 ಸೆಂಟಿಮೀಟರ್. ಹದಿಮೂರರಿಂದ ಗುಣಿಸಿದರೆ ಆರು ಮೀಟರಿಗೆ ಸ್ವಲ್ಪ ಕಮ್ಮಿ. ಅಂಗಡಿಯಲ್ಲಿ 27 ಇಂಚು ಅಗಲದ ರೋಲಿನಿಂದ ಸರಿಯಾಗಿ ಆರು ಮೀಟರ್ ಕತ್ತರಿಸಿಕೊಂಡು ಬಂದೆ. 27 ಇಂಚು ಅಂದರೆ ಮುಕ್ಕಾಲು ಗಜ, ಹಳೆಯ ಕಾಲದ ಮಗ್ಗದ ಪನ್ನ. ಮೀಟರ್ ಬಂದರೂ ಈ ವ್ಯಾಪಾರ ಆ ಅಳತೆಯನ್ನು ಬಿಟ್ಟಿಲ್ಲ.

ಹಳೆಯ ಕಾರ್ಪೆಟ್ ಎಳೆದಾಗ ಕೆಳಗಿನ ಸ್ಪಂಜು ಹಿಟ್ಟಾಗಿ ಉದುರಿತು. ಮೊಳೆ ಕೀಳಲಿಕ್ಕೇ ಅರ್ಧ ದಿನ ಹೋಯಿತು. ಆದರೆ ಗುಡಿಸಿ ನೋಡಿದರೆ, ಪ್ರತಿ ಮೆಟ್ಟಿಲಿಗೂ ಎರಡು ಅಂಚಲ್ಲಿ ಕಡುಗಂದು ಬಣ್ಣ, ನಡುವೆ ಬರಿಯ ಮರ! ಒಳಮೂಲೆಗಳಲ್ಲಿ ಜೋಡಿ ಜೋಡಿ ಸಣ್ಣ ತೂತು. ಅಂದರೆ ಈ ಮನೆಗೆ ಮೊದಲಿಂದಲೂ ರನ್ನರ್ ಇತ್ತು. ಕಾಣುವಷ್ಟಕ್ಕೆ ಮಾತ್ರ ಬಣ್ಣ ಬಳಿದು, ಹಿತ್ತಾಳೆ ಸರಳು ತೂರಿಸಿ ಹಾಸನ್ನು ಹಿಡಿದಿಡುತ್ತಿದ್ದರು. ಮೊಳೆ ಹೊಡೆಯದೆ ಸರಳಿನಲ್ಲೇ ಹಿಡಿದಿಡುವುದಕ್ಕೂ ಕಾರಣವಿತ್ತು. ಒಂದಿಷ್ಟು ಹೆಚ್ಚು ಉದ್ದ ಕೊಂಡು ಮಡಿಚಿಟ್ಟು, ಆಗಾಗ ಸರಳು ಬಿಚ್ಚಿ ಹಾಸನ್ನು ಮೇಲೆ ಕೆಳಗೆ ಸರಿಸುತ್ತಿದ್ದರಂತೆ, ಮೂಗಿನ ಹತ್ತಿರ ಒಂದೇ ಜಾಗ ಸವೆಯದಿರಲಿ ಅಂತ. ನೂರಿಪ್ಪತ್ತು ವರ್ಷದ ಹಿಂದಿನ ಆ ಯಾರೋ ಹೆಂಗಸು ಉದ್ದವನ್ನು ಹೆಚ್ಚಿಗೆ ಕೊಂಡಿದ್ದಳು. ನಾನು ಮಾತ್ರ ಲೆಕ್ಕ ಹಾಕಿ ಕೊಂಡಿದ್ದೆ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದೆಂದು ಅದನ್ನು ಒಣಗಾಗಿ ಉಜ್ಜಲಿಲ್ಲ. ಒದ್ದೆ ಮಾಡಿ, ಮುಖಕ್ಕೆ ಮಾಸ್ಕ್ ಹಾಕಿ, ಎದ್ದ ಸಿಪ್ಪೆಯನ್ನಷ್ಟೇ ತೆಗೆದೆ. ಆಮೇಲೆ ಕಾರ್ಪೆಟ್ಟನ್ನು ಕಚ್ಚಿ ಹಿಡಿಯುವ ಮುಳ್ಳಿನ ಗ್ರಿಪ್ಪರ್ ಪಟ್ಟಿ: ಮೆಟ್ಟಿಲ ಹಿಂಬದಿಗೊಂದು, ಎದುರು ನೆಟ್ಟಗೆ ನಿಂತ ಹಲಗೆಯ ಬುಡಕ್ಕೊಂದು, ಮುಳ್ಳುಗಳೆರಡೂ ಸಂದಿನ ಕಡೆಗೆ. ನಡುವೆ ಬೆರಳಗಲದ ಸಂದು ಬಿಟ್ಟರೆ, ಅಗಲ ಬಾಯಿಯ ಉಳಿಯಿಂದ ಕಾರ್ಪೆಟ್ಟನ್ನು ಅಲ್ಲಿಗೆ ಒತ್ತಿ ಕೂರಿಸಬಹುದು. ಪಟ್ಟಿ ರನ್ನರಿಗಿಂತ ಒಂದೆರಡು ಬೆರಳು ಗಿಡ್ಡವಿರಬೇಕಿತ್ತು. ಸಮಕ್ಕೆ ಸಮ ಕತ್ತರಿಸಿದ್ದೆ. ಅಂಚಿನಿಂದ ಇಣುಕಿದ ಮುಳ್ಳು ನನ್ನದೇ ಕಿರುಬೆರಳಿಗೆ ಚುಚ್ಚಿದ ಮೇಲೆ ಎಲ್ಲ ಕಿತ್ತು ಮತ್ತೆ ಕತ್ತರಿಸಿದೆ.

ಅವ್ವ ಕೆಳಗೆ ನಿಂತು ನೋಡುತ್ತಿದ್ದಳು. ಅವಳ ಮಟ್ಟಿಗೆ ಹಾಸು ಅಂದರೆ ನವಲಗುಂದದ ಜಮಖಾನ. "ಜಮಖಾನಿ ಮ್ಯಾಲ ಬೀಗರು ಕೂರತಾರ. ನೀ ತುಳಿಯಾಕ ಹಾಸಾಕತ್ತೀಯಲ್ಲೋ!" ಅಂದವಳು, ರನ್ನರಿನ ಮೇಲೆ ಅಂಗೈ ಆಡಿಸಿ, "ಇದರ ನವಿರು ಕೆಳಗ ಬರಬೇಕಲ್ಲ?" ಎಂದಳು. ಸರಿಯಾಗೇ ಹೇಳಿದ್ದಳು. ನವಿರು, ಅಂದರೆ ಉಣ್ಣೆಯ ಎಳೆ ಒರಗುವ ದಿಕ್ಕು, ಇಳಿಜಾರಿನ ಕಡೆಗೇ ಇರಬೇಕು. ನಾನು ತಲೆಕೆಳಗು ಹಿಡಿದಿದ್ದೆ.

ಕೆಳಗಿನಿಂದ ಹತ್ತು ಮೆಟ್ಟಿಲು ಚೆನ್ನಾಗಿ ಕೂತವು. ಯಾವ ಎರಡು ಮೆಟ್ಟಿಲೂ ಒಂದೇ ಅಳತೆಯವಲ್ಲ. ಒಂದು 19 ಸೆಂಟಿಮೀಟರ್ ಎತ್ತರವಿದ್ದರೆ ಮುಂದಿನದು 21. ಗೋಡೆಯೂ ನೆಟ್ಟಗಿಲ್ಲ. ಅದನ್ನೇ ನಂಬಿ ಅಳೆಯುತ್ತ ಹೋಗಿದ್ದರೆ ರನ್ನರ್ ಹಾವಿನಂತೆ ಹೊರಳುತ್ತಿತ್ತು. ಅದಕ್ಕೇ ಮೇಲಿಂದ ಕೆಳಕ್ಕೆ ದಾರ ಬಿಗಿದು ನಡುಗೆರೆ ಹಾಕಿಕೊಂಡಿದ್ದೆ.

ತಿರುವಿನಲ್ಲಿ ಸಿಕ್ಕಿಬಿದ್ದೆ. ಬೀಸಣಿಗೆ ಮೆಟ್ಟಿಲು ಒಳತುದಿಯಲ್ಲಿ ಗೇಣುದ್ದವೂ ಇಲ್ಲ, ಹೊರಗೋಡೆಯ ಕಡೆ ಮೊಳದಷ್ಟು. ರನ್ನರಿಗೆ ಬೇಕಾದದ್ದು ಹೊರಗಿನ ಉದ್ದ. ಒಳಗೆ ಮಿಕ್ಕಿದ್ದನ್ನು ಎದುರು ಹಲಗೆಗೆ ಮಡಿಚಿ ಮುಚ್ಚಬೇಕು. ಆರು ಮೀಟರ್ ಕೊನೆಯ ಮೆಟ್ಟಿಲಿಗೆ ಮುಂಚೆಯೇ ಮುಗಿಯಿತು. ರಾತ್ರಿ ಒಂಬತ್ತಾಗಿತ್ತು. ಬರಿಯ ಮೆಟ್ಟಿಲನ್ನು ನೋಡುತ್ತ ಅವ್ವ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮಂಗಳವಾರ ಅಂಗಡಿಯಿಂದ ಇನ್ನೆರಡೂವರೆ ಮೀಟರ್ ತಂದೆ. ಅದೇ ಬಣ್ಣ, ಬೇರೆ ರೋಲು. ತಿರುವಿನ ಮೂರೂ ಮೆಟ್ಟಿಲಿಗೆ ಹೊಸದನ್ನೇ ಹಾಕಿ, ಜೋಡಣೆಯನ್ನು ಬೆಳಕು ಬೀಳದ ಮೂಗಿನಡಿ ಅಡಗಿಸಿದೆ. ಮನೆಗೆ ಬಂದ ಯಾರಿಗೂ ಕಂಡಿಲ್ಲ.

ಕತ್ತರಿಸಿ ಉಳಿದ ತುಂಡನ್ನು ಅವ್ವ ಕಿಟಕಿ ಹತ್ತಿರ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಮೆಟ್ಟಿಲ ಕಡೆ ನೋಡಿ, "ಮ್ಯಾಲಿನ ಮೂರು ಒಂದ್ ಸ್ವಲ್ಪ ಕಪ್ಪ ಅದಾವ," ಅಂದಳು, ಸೊಪ್ಪಿನಿಂದ ಕೈ ತೆಗೆಯದೆ.