ಮದ್ದುಸೊಪ್ಪಿಗೆ ಕ್ಯಾನ್ಸರ್ ಹೋಗುತ್ತಾ?

"ಕೊಡಗಿನವರು ನೀವು, ನಿಮ್ಮಲ್ಲಿ ಇಲ್ಲದ ಗಿಡ ಉಂಟಾ? ಮೇದೋಜೀರಕದ ಕ್ಯಾನ್ಸರಿಗೆ ಏನಾದ್ರೂ ಹೇಳಿ, ಸೈಡ್ ಎಫೆಕ್ಟ್ ಇಲ್ಲದ್ದು."

ಗಿಡಗಳ ಸಾರ ತೆಗೆಯುವ ಲ್ಯಾಬಿನಲ್ಲಿ ನನ್ನ ಕೆಲಸ. ಮದುವೆ ಮನೆಯಲ್ಲೂ ಇದೇ ಪ್ರಶ್ನೆ, ಮಡಿಕೇರಿ ಬಸ್ಸಿನಲ್ಲೂ ಇದೇ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಗಿಡದ ಮದ್ದು ಇದೆ. ನೀವು ಅದನ್ನೇ ಕೀಮೋ ಅಂತ ಬೈಯುವುದು. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಮದ್ದು ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ಇರಿನೊಟೆಕಾನ್ ಅನ್ನುವ ಇನ್ನೊಂದು ಕೀಮೋ ಮದ್ದಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಚೀನಾದ ಮರದ್ದು. ನಮ್ಮ ಘಟ್ಟದ ನೋತಪೊಡೈಟಿಸ್ ಅನ್ನುವ ಮರದಲ್ಲೂ ಇದೆ. ಹಾಗಂತ ಕುದಿಸಿ ಕುಡಿಯಬೇಡಿ, ವಿಷ ಅದು. ಕಾಸರಕವೂ ಗಿಡವೇ ಅಲ್ವಾ? ಅಳೆದು, ಶುದ್ಧ ಮಾಡಿ, ನರಕ್ಕೆ ಹಾಕಿದರೂ ಲಾಭ ಎಷ್ಟು? ಮೇದೋಜೀರಕದ ಕ್ಯಾನ್ಸರ್ ಹರಡಿದವರಿಗೆ ಜೆಮ್ಸಿಟಬಿನ್ (ಗಿಡದ್ದಲ್ಲದ ಕೀಮೋ ಮದ್ದು) ಒಂದೇ ಕೊಟ್ಟಾಗ ಅರ್ಧದಷ್ಟು ಜನ 6.7 ತಿಂಗಳಿಗಿಂತ ಹೆಚ್ಚು ಬದುಕಿದರು. ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿದ ಪ್ಯಾಕ್ಲಿಟ್ಯಾಕ್ಸೆಲ್ ಸೇರಿಸಿದಾಗ 8.5 ತಿಂಗಳು. ಅರಿಶಿನದ ಕರ್ಕ್ಯುಮಿನ್ ದಿನಕ್ಕೆ 8 ಗ್ರಾಂ ನುಂಗಿಸಿಯೂ ನೋಡಿದ್ದಾರೆ. ರಕ್ತಕ್ಕೆ ಸೇರಿದ್ದೇ ತೀರಾ ಕಡಿಮೆ.

ಮದ್ದುಸೊಪ್ಪಿನ ವಿಷಯಕ್ಕೆ ಬರುತ್ತೇನೆ. ಒಂದು ವರ್ಷ ಆಗಸ್ಟ್ 3, ಕಕ್ಕಡ ಹದಿನೆಂಟು: ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ನಮ್ಮಲ್ಲಿ ಈ ಸೊಪ್ಪು ತಿನ್ನುವ ದಿನ. ದೊಡ್ಡಮ್ಮ ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಪಾಯಸ ಮಾಡಿದ್ದರು. ದೊಡ್ಡಪ್ಪ ತುಪ್ಪ ಸುರಿದುಕೊಂಡು ಎರಡು ಬಟ್ಟಲು ತಿಂದರು. ಮರುದಿನ ಮೂತ್ರ ಕೆಂಪಾಗುವುದು ಎಲ್ಲರಿಗೂ ಮಾಮೂಲು. ಅವರದ್ದು ಹತ್ತು ದಿನವಾದರೂ ಕಡು ಚಹಾದ ಬಣ್ಣ. "ಈ ಸಲದ ಮದ್ದು ಜೋರುಂಟು ಮಾರಾಯ" ಅಂದರು. ನಾನೂ ನಕ್ಕೆ. ಲ್ಯಾಬಿನವನು ನಾನು, ನಕ್ಕೆ.

ಆಮೇಲೆ ಕಣ್ಣು ಹಳದಿಯಾಯಿತು. ಕಾಮಾಲೆ ಅಂತ ನೆಲನೆಲ್ಲಿ ಅರೆದು ಕೊಟ್ಟರು. ಜ್ವರವಿಲ್ಲ, ಹೊಟ್ಟೆನೋವಿಲ್ಲ, ತುರಿಕೆ ಮಾತ್ರ. ರಾತ್ರಿಯೆಲ್ಲ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಿದ್ದರು. ಸ್ಕ್ಯಾನ್ ಆಗುವಷ್ಟರಲ್ಲಿ ಅಕ್ಟೋಬರ್. ಮೇದೋಜೀರಕದ ತಲೆಯಲ್ಲಿದ್ದ ಗಡ್ಡೆ ಪಿತ್ತನಾಳವನ್ನು ಒತ್ತಿತ್ತು, ಮೂತ್ರದ ಬಣ್ಣ, ತುರಿಕೆ ಎಲ್ಲ ಅದರಿಂದಲೇ. ರಕ್ತನಾಳಕ್ಕೂ ಸುತ್ತಿಕೊಂಡಿತ್ತು. ಆಪರೇಷನ್ ಆಗಲ್ಲ ಅಂದರು.

ಯಾವ ಸೊಪ್ಪು ಅಂತ ಕೇಳಬೇಡಿ. ನೋವಿಲ್ಲದೆ ಕಣ್ಣು ಹಳದಿಯಾದರೆ, ಮಲ ಬಿಳಚಿಕೊಂಡರೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುಗರ್ ಬಂದು ತೂಕವೂ ಇಳಿದರೆ ಏನು ಮಾಡಬೇಕು ಅಂತ ಕೇಳಿ. ಬಸ್ಸು ತಪ್ಪಿದರೂ ನಿಂತು ಹೇಳುತ್ತೇನೆ: ಆ ವಾರವೇ ಡಾಕ್ಟರ ಹತ್ತಿರ ಹೋಗಿ, ಹೊಟ್ಟೆಯ ಸ್ಕ್ಯಾನ್ ಬೇಕಾ ಅಂತ ಕೇಳಿ.

ಮೊದಲ ಡ್ರಿಪ್ ಹಾಕಿದ ದಿನ ಬಾಟಲಿಯಲ್ಲಿ ಏನು ಅಂತ ದೊಡ್ಡಪ್ಪ ಕೇಳಿದರು. ಮರದ ತೊಗಟೆಯಲ್ಲಿ ಸಿಕ್ಕಿದ ಮದ್ದು ಅಂದೆ.

"ಆ ಮರ ಕಾಫಿಗೆ ನೆರಳಾಗುತ್ತಾ?"