ಏಷ್ಯನ್ ಕಪ್ ಹೊಸ್ತಿಲಲ್ಲಿ ದೋಹಾ: ಭಾರತದ ಲೆಕ್ಕ ಸಿರಿಯಾ ಪಂದ್ಯದಲ್ಲಿದೆ

ಏಷ್ಯಾದ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಏಷ್ಯನ್ ಕಪ್ ಟೂರ್ನಿ 2024ರ ಜನವರಿ 12ರಂದು, ಶುಕ್ರವಾರ, ಕತಾರ್ ರಾಜಧಾನಿ ದೋಹಾ ಬಳಿಯ ಲುಸೈಲ್ ಕ್ರೀಡಾಂಗಣದಲ್ಲಿ ಕತಾರ್ ಮತ್ತು ಲೆಬನಾನ್ ನಡುವಿನ ಪಂದ್ಯದೊಂದಿಗೆ ಆರಂಭವಾಗಲಿದ್ದು, ಫೆಬ್ರುವರಿ 10ರಂದು ಅದೇ ಅಂಗಳದಲ್ಲಿ ಮುಗಿಯಲಿದೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಅಣ್ಣನ ಮಕ್ಕಳು ಕೇಳುವ ಪ್ರಶ್ನೆ ಮಾತ್ರ ಒಂದೇ: ಸುನಿಲ್ ಚೆಟ್ರಿ ಈ ಸಲ ಎಷ್ಟು ಗೋಲು ಹೊಡೆಯುತ್ತಾರೆ? ಬೆಂಗಳೂರು ಎಫ್‌ಸಿಯ ನಾಯಕನ ಮೇಲಿನ ಈ ಅಭಿಮಾನ ಸಹಜವೇ ಆದರೂ, ಪಂದ್ಯ ನಡೆಯುವ ಊರಿನಲ್ಲಿದ್ದುಕೊಂಡು ತಂಡಗಳ ಪಟ್ಟಿಯನ್ನು ನೋಡುತ್ತಿರುವ ನನಗೆ, ಭಾರತದ ಭವಿಷ್ಯ ಚೆಟ್ರಿಯ ಕಾಲಿಗಿಂತ ಹೆಚ್ಚಾಗಿ ಹಿಂದಿನ ಸಾಲಿನ ನಾಲ್ವರು ಮತ್ತು ಅವರ ಬೆನ್ನಿಗಿರುವ ಗೋಲ್‌ಕೀಪರ್ ಕೈಯಲ್ಲಿದೆ ಎಂದೇ ತೋರುತ್ತದೆ.

ಮೊದಲಿಗೆ ಒಂದು ಸ್ಪಷ್ಟನೆ. ನಡೆಯುತ್ತಿರುವುದು 2024ರಲ್ಲಾದರೂ ಟೂರ್ನಿಯ ಹೆಸರು 2023ರ ಏಷ್ಯನ್ ಕಪ್. ಮೂಲತಃ ಇದು ಚೀನಾದಲ್ಲಿ ನಡೆಯಬೇಕಿತ್ತು. ಕೋವಿಡ್ ಕಾರಣದಿಂದ 2022ರ ಮೇ ತಿಂಗಳಲ್ಲಿ ಚೀನಾ ಹಿಂದೆ ಸರಿದ ಮೇಲೆ ಆತಿಥ್ಯ ಕತಾರ್ ಪಾಲಿಗೆ ಬಂತು. ಇಲ್ಲಿನ ಜೂನ್–ಜುಲೈ ಬಿಸಿಲಿನಲ್ಲಿ ಆಡಿಸುವುದು ಆಗದ ಮಾತಾದ್ದರಿಂದ ದಿನಾಂಕವೂ ಚಳಿಗಾಲಕ್ಕೆ ಜರುಗಿತು. ವಿಶ್ವಕಪ್‌ಗಾಗಿ ಸಿದ್ಧಪಡಿಸಿದ್ದ ಎಂಟರಲ್ಲಿ ಏಳು ಕ್ರೀಡಾಂಗಣಗಳು, ಜೊತೆಗೆ ಇನ್ನೆರಡು, ಹೀಗೆ ಒಂಬತ್ತು ಕಡೆ 24 ತಂಡಗಳು ಆಡಲಿವೆ.

2022ರ ವಿಶ್ವಕಪ್ ಸಮಯದಲ್ಲಿ ಇಲ್ಲಿನ ಭಾರತೀಯರು ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್ ಅಂಗಿಗಳನ್ನು ತೊಟ್ಟು ಬೀದಿಗಿಳಿದದ್ದನ್ನು ಊರಿನವರು ಟಿವಿಯಲ್ಲಿ ಕಂಡಿರುತ್ತೀರಿ. ಅದರಲ್ಲಿ ತಪ್ಪೇನಿರಲಿಲ್ಲ, ಆದರೆ ಅದು ಎರವಲು ತಂದ ಸಂಭ್ರಮವಾಗಿತ್ತು. ಈ ಸಲ ಅಂಗಡಿಗಳಲ್ಲಿ ನೀಲಿ ಅಂಗಿ ಕೇಳುವವರಿದ್ದಾರೆ. ಮುಂದಾಳತ್ವ ಎಂದಿನಂತೆ ಮಲಯಾಳಿಗಳದ್ದು. ಕರಾವಳಿಯಿಂದ ಬಂದವರೇ ಹೆಚ್ಚಿರುವ ನಮ್ಮ ಕನ್ನಡಿಗರ ಬಳಗದಲ್ಲಿ ಕ್ರಿಕೆಟ್ಟೇ ಮೊದಲ ಪ್ರೀತಿಯಾದರೂ, 25 ರಿಯಾಲ್‌ನಿಂದ ಆರಂಭವಾಗುವ ಟಿಕೆಟ್ ದರವನ್ನು ನೋಡಿ ಮಕ್ಕಳುಮರಿಯೊಂದಿಗೆ ಹೊರಡಲು ಸಿದ್ಧರಾದ ಕುಟುಂಬಗಳು ಕಡಿಮೆಯೇನಿಲ್ಲ.

ಭಾರತ ಇರುವುದು 'ಬಿ' ಗುಂಪಿನಲ್ಲಿ. ಜೊತೆಗಿರುವವರು ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ ಮತ್ತು ಸಿರಿಯಾ. ಡಿಸೆಂಬರ್‌ನ ಫಿಫಾ ಪಟ್ಟಿಯ ಪ್ರಕಾರ ಆಸ್ಟ್ರೇಲಿಯಾ 25ನೇ, ಉಜ್ಬೇಕಿಸ್ತಾನ 68ನೇ, ಸಿರಿಯಾ 91ನೇ ಮತ್ತು ಭಾರತ 102ನೇ ಸ್ಥಾನದಲ್ಲಿವೆ. ಅಂದರೆ ಗುಂಪಿನಲ್ಲಿ ನಮಗಿಂತ ಕೆಳಗಿರುವವರು ಯಾರೂ ಇಲ್ಲ.

ಆಸ್ಟ್ರೇಲಿಯಾ ವಿರುದ್ಧದ ಪಂದ್ಯ ಶನಿವಾರ, 13ರಂದು, ಅಲ್ ರಯ್ಯಾನ್‌ನ ಅಹ್ಮದ್ ಬಿನ್ ಅಲಿ ಕ್ರೀಡಾಂಗಣದಲ್ಲಿ. ಈ ಅಂಗಳದ ಆಯ್ಕೆಯೇ ನಮಗೆ ಸ್ವಲ್ಪ ಪ್ರತಿಕೂಲವಾಗಿದೆ, ಏಕೆಂದರೆ ದೋಹಾದಲ್ಲಿ ಆಸ್ಟ್ರೇಲಿಯನ್ನರಿಗೆ ತವರು ಎನ್ನಬಹುದಾದ ಮೈದಾನವಿದ್ದರೆ ಅದು ಇದೇ. 2022ರ ಜೂನ್‌ನಲ್ಲಿ ಅವರು ಯುಎಇಯನ್ನು ಸೋಲಿಸಿದ್ದು, ಆ ಬಳಿಕ ಗೋಲ್‌ಲೈನ್ ಮೇಲೆ ಕುಣಿದು ಎದುರಾಳಿಯನ್ನು ಕಂಗೆಡಿಸಿದ ಆಂಡ್ರ್ಯೂ ರೆಡ್‌ಮೇನ್ ಅವರ ನೆರವಿನಿಂದ ಪೆರುವನ್ನು ಪೆನಾಲ್ಟಿಯಲ್ಲಿ ಮಣಿಸಿ ವಿಶ್ವಕಪ್‌ಗೆ ಅರ್ಹತೆ ಪಡೆದದ್ದು, ಕೊನೆಗೆ ಅದೇ ವಿಶ್ವಕಪ್‌ನ 16ರ ಘಟ್ಟದಲ್ಲಿ ಮೆಸ್ಸಿಯ ಅರ್ಜೆಂಟೀನಾಕ್ಕೆ 1–2ರಿಂದ ಸೋತದ್ದು, ಎಲ್ಲವೂ ಇಲ್ಲೇ. ಗ್ರಹಾಂ ಆರ್ನಾಲ್ಡ್ ತರಬೇತಿಯ ಈ ತಂಡದಲ್ಲಿ ಕಣ್ಣು ಕುಕ್ಕುವ ತಾರೆಯರಿಲ್ಲ. ಗೋಲ್‌ಕೀಪರ್ ಮ್ಯಾಟ್ ರಯಾನ್ ನಾಯಕ, ನಡುವಿನಲ್ಲಿ ಜಾಕ್ಸನ್ ಇರ್ವಿನ್, ಅಂಚಿನಿಂದ ಚೆಂಡು ತೇಲಿಸುವ ಕ್ರೇಗ್ ಗುಡ್‌ವಿನ್. ನಿಜವಾದ ಅಪಾಯ ಇರುವುದು ಆರೂವರೆ ಅಡಿ ಎತ್ತರದ ಡಿಫೆಂಡರ್ ಹ್ಯಾರಿ ಸೌಟರ್ ಕಾರ್ನರ್ ಕಿಕ್‌ಗಾಗಿ ಮುಂದೆ ಬಂದಾಗ. ಓಟದ ಆಟದಲ್ಲಿ ಒಂದಷ್ಟು ಹೊತ್ತು ಸರಿಸಮ ನಿಲ್ಲಬಹುದಾದ ಭಾರತ, ಚೆಂಡು ನಿಂತಲ್ಲಿಂದ ಮೇಲೇಳುವ ಪ್ರತಿ ಸಂದರ್ಭದಲ್ಲೂ ಎದುರಾಳಿಗಿಂತ ಒಂದು ಅಡಿ ಕೆಳಗಿದ್ದು ಹೋರಾಡಬೇಕಾಗುತ್ತದೆ. ಕಾರ್ನರ್‌ಗಳನ್ನು ಕೊಡದಿರುವುದೇ ಇದಕ್ಕಿರುವ ಉಪಾಯ, ಹೇಳುವುದು ಸುಲಭ.

ಉಜ್ಬೇಕಿಸ್ತಾನದ ಬಗ್ಗೆ ನಮ್ಮಲ್ಲಿ ತಿಳಿವಳಿಕೆ ಕಡಿಮೆ, ಭಯವೂ ಕಡಿಮೆ. ಎರಡನೆಯದು ಸರಿಯಲ್ಲ. 2023ರಲ್ಲಿ 20 ವರ್ಷದೊಳಗಿನವರ ಏಷ್ಯನ್ ಕಪ್ಪನ್ನು ತಾಷ್ಕೆಂಟಿನಲ್ಲಿ ಗೆದ್ದ ದೇಶವದು. ಆ ಗೆಲುವಿನಲ್ಲಿ ಮಿಂಚಿದ ಅಬ್ಬಾಸ್‌ಬೆಕ್ ಫೈಜುಲ್ಲಾಯೆವ್ ಈಗ ಹಿರಿಯರ ತಂಡದಲ್ಲಿದ್ದಾರೆ. ಗಾಯದಿಂದಾಗಿ ಮುಖ್ಯ ಸ್ಟ್ರೈಕರ್ ಎಲ್ದೋರ್ ಶೊಮುರೋದೊವ್ ಬಂದಿಲ್ಲವೆಂಬುದು ನಮಗೆ ತುಸು ಸಮಾಧಾನ. ಈ ಪಂದ್ಯ 18ರ ಗುರುವಾರ ಸಂಜೆ. ವಾರದ ಕೆಲಸ ಮುಗಿಯುವ ದಿನವಾದ್ದರಿಂದ ಭಾರತೀಯರು ಅತಿ ಹೆಚ್ಚಾಗಿ ಸೇರುವುದು ಅಂದೇ ಇರಬೇಕು.

ಈಗ ನಮ್ಮ ತಂಡ. 1964ರಲ್ಲಿ ಭಾರತ ಈ ಟೂರ್ನಿಯಲ್ಲಿ ಎರಡನೇ ಸ್ಥಾನ ಪಡೆದಿತ್ತು, ಆದರೆ ಆಗ ಆಡಿದ್ದು ನಾಲ್ಕೇ ತಂಡಗಳು. ಆ ಬಳಿಕ 1984, 2011, 2019; ಈಗ ಸತತ ಎರಡನೇ ಬಾರಿ ಅರ್ಹತೆ ಪಡೆದಿರುವುದು ಇದೇ ಮೊದಲು. 2011ರ ಟೂರ್ನಿ ನಡೆದದ್ದೂ ಇದೇ ದೋಹಾದಲ್ಲಿ. ಆಸ್ಟ್ರೇಲಿಯಾ ವಿರುದ್ಧ 0–4, ಬಹ್ರೇನ್ ವಿರುದ್ಧ 2–5, ದಕ್ಷಿಣ ಕೊರಿಯಾ ವಿರುದ್ಧ 1–4. ಅಂದು ಎರಡು ಗೋಲು ಹೊಡೆದಿದ್ದ 26ರ ಯುವಕ ಚೆಟ್ರಿ, 2019ರಲ್ಲಿ ಥಾಯ್ಲೆಂಡ್ ವಿರುದ್ಧ ಮತ್ತೆರಡು ಸೇರಿಸಿ, ಈಗ 39ನೇ ವಯಸ್ಸಿನಲ್ಲಿ ಮೂರನೇ ಏಷ್ಯನ್ ಕಪ್‌ಗೆ ಬಂದಿಳಿದಿದ್ದಾರೆ. 2024ರ ಆರಂಭಕ್ಕೆ ಅವರ 93 ಅಂತರರಾಷ್ಟ್ರೀಯ ಗೋಲುಗಳಿಗಿಂತ ಹೆಚ್ಚು ಹೊಡೆದವರು ಆಗ ಆಡುತ್ತಿದ್ದವರಲ್ಲಿ ರೊನಾಲ್ಡೊ ಮತ್ತು ಮೆಸ್ಸಿ ಇಬ್ಬರೇ. ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಆದರೆ ಅವರ ನಂತರದ ಗೋಲು ಗಳಿಸುವವರ್ಯಾರು ಎಂದು ಹುಡುಕಿದರೆ ನಮ್ಮ ಕಷ್ಟವೂ ಅಲ್ಲೇ ಕಾಣಿಸುತ್ತದೆ. ಮಿಜೋರಾಮಿನ ಲಾಲಿಯನ್‌ಜುವಾಲ ಛಾಂಗ್ಟೆ ಬಿರುಗಾಳಿಯಂತೆ ಓಡಬಲ್ಲರು, ಕುವೈತ್ ನೆಲದಲ್ಲಿ ನವೆಂಬರ್‌ನಲ್ಲಿ ಭಾರತಕ್ಕೆ 1–0 ಗೆಲುವು ತಂದ ಗೋಲು ಮನ್ವೀರ್ ಸಿಂಗ್ ಅವರದ್ದು, ಮಹೇಶ್ ನವೋರೆಮ್ ಎಡಗಡೆಯಿಂದ ಒಳನುಗ್ಗುತ್ತಾರೆ. ಆದರೂ ಇವರಲ್ಲಿ ಯಾರೂ ದೊಡ್ಡ ತಂಡದ ಎದುರು ನೆಚ್ಚಿಕೊಳ್ಳಬಹುದಾದ ಗೋಲುಗಾರ ಎನಿಸಿಕೊಂಡಿಲ್ಲ.

2023ರ ಅಂಕಿಅಂಶಗಳು ಇನ್ನೊಂದು ಕಥೆಯನ್ನು ಹೇಳುತ್ತವೆ. ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್‌ನ ನಾಲ್ಕು ಪಂದ್ಯಗಳಲ್ಲಿ ಭಾರತ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಬೆಂಗಳೂರಿನ ಕಂಠೀರವದಲ್ಲಿ ನಡೆದ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್‌ನ ಫೈನಲ್ ಪೆನಾಲ್ಟಿವರೆಗೆ ಹೋದಾಗ ಕುವೈತ್‌ನ ಕೊನೆಯ ಹೊಡೆತವನ್ನು ತಡೆದು ಕಪ್ ಗೆದ್ದುಕೊಟ್ಟವರು ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು. ಆದರೆ ದೇಶದ ಹೊರಗೆ ಇದೇ ತಂಡ ಥಾಯ್ಲೆಂಡಿನ ಕಿಂಗ್ಸ್ ಕಪ್‌ನಲ್ಲಿ ಲೆಬನಾನಿಗೆ ಸೋತಿತು, ಮಲೇಷ್ಯಾದಲ್ಲಿ ನಾಲ್ಕು ಗೋಲು ಬಿಟ್ಟುಕೊಟ್ಟಿತು. ತವರಿನ ಗೋಡೆ ಪರಊರಿನಲ್ಲಿ ಸಡಿಲಗೊಳ್ಳುತ್ತದೆ ಎಂಬುದೇ ಚಿಂತೆ, ಅದರಲ್ಲೂ ರಕ್ಷಣಾ ಸಾಲಿನ ಅನ್ವರ್ ಅಲಿ, ಅವರ ಮುಂದೆ ನಿಂತು ಚೆಂಡು ಕಸಿಯುವ ಜೀಕ್ಸನ್ ಸಿಂಗ್, ಜೊತೆಗೆ ಆಶಿಕ್ ಕುರುಣಿಯನ್ ಮೂವರೂ ಗಾಯಗೊಂಡು ಹೊರಗುಳಿದಿರುವಾಗ. ಸಂದೇಶ್ ಝಿಂಗನ್ ಮತ್ತು ರಾಹುಲ್ ಭೆಕೆ ಅನುಭವಿಗಳು; ಜೀಕ್ಸನ್ ಜಾಗವನ್ನು ತುಂಬಬೇಕಾದವರಲ್ಲಿ ಬೆಂಗಳೂರು ಎಫ್‌ಸಿಯ ಸುರೇಶ್ ಸಿಂಗ್ ವಾಂಗ್‌ಜಾಮ್ ಕೂಡ ಒಬ್ಬರು. ಕೋಚ್ ಇಗೊರ್ ಸ್ಟಿಮಾಚ್ ಅವರಿಗೆ ಸಿಕ್ಕಿರುವ ತಯಾರಿಯ ಅವಧಿ ಎರಡು ವಾರದಷ್ಟು ಮಾತ್ರ. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷ್ಯಾದ ರಕ್ಷಣಾ ಆಟಗಾರರಾಗಿದ್ದವರಿಗೆ ಈ ಕೊರತೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಭರವಸೆಗೆ ಕಾರಣವೂ ದೋಹಾದಲ್ಲೇ ಇದೆ. 2019ರ ಸೆಪ್ಟೆಂಬರ್ 10ರಂದು, ಅದೇ ವರ್ಷ ಏಷ್ಯನ್ ಕಪ್ ಗೆದ್ದಿದ್ದ ಕತಾರ್ ತಂಡವನ್ನು ಭಾರತ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ 0–0ಗೆ ಹಿಡಿದಿಟ್ಟಿತ್ತು. ಅಂದು ಚೆಟ್ರಿ ಆಡಿರಲಿಲ್ಲ. ನಾಯಕನ ಪಟ್ಟಿ ಕಟ್ಟಿದ್ದ ಗುರುಪ್ರೀತ್ ಒಬ್ಬರೇ ಹೊಡೆತದ ಮೇಲೆ ಹೊಡೆತವನ್ನು ತಡೆಯುತ್ತ ನಿಂತ ಆ ರಾತ್ರಿಯ ಬಗ್ಗೆ ಇಲ್ಲಿನ ಹಳಬರು ಈಗಲೂ ಮಾತಾಡುತ್ತಾರೆ. ಅದಕ್ಕೂ ಎಂಟು ತಿಂಗಳ ಹಿಂದೆ ಶಾರ್ಜಾದಲ್ಲಿ ಆದದ್ದು ತದ್ವಿರುದ್ಧ: ಬಹ್ರೇನ್ ವಿರುದ್ಧ ಡ್ರಾ ಆಗಿದ್ದರೆ ಸಾಕಿತ್ತು, ಇಂಜುರಿ ಸಮಯದಲ್ಲಿ ಕೊಟ್ಟ ಒಂದು ಪೆನಾಲ್ಟಿಯಿಂದ 0–1 ಸೋತು, 3 ಅಂಕ ಇದ್ದರೂ ಭಾರತ ಗುಂಪಿನ ಕೊನೆಯ ಸ್ಥಾನಕ್ಕೆ ಕುಸಿದು ಮನೆಗೆ ಮರಳಿತು. ಅದೇ ಟೂರ್ನಿಯಲ್ಲಿ ಬೇರೆ ಗುಂಪುಗಳ ಮೂರು ತಂಡಗಳು ತಲಾ 3 ಅಂಕಗಳಷ್ಟರಿಂದಲೇ ಮುಂದಿನ ಘಟ್ಟಕ್ಕೆ ಹೋದವು.

ಈ ಬಾರಿಯೂ ನಿಯಮ ಅದೇ: ಆರು ಗುಂಪುಗಳ ಮೊದಲ ಇಬ್ಬರು, ಜೊತೆಗೆ ಮೂರನೇ ಸ್ಥಾನದವರಲ್ಲಿ ಉತ್ತಮ ನಾಲ್ವರು. ಆದ್ದರಿಂದ ಆಸ್ಟ್ರೇಲಿಯಾಕ್ಕೆ ಸೋಲುವುದಾದರೂ ಒಂದೆರಡು ಗೋಲುಗಳ ಅಂತರದಲ್ಲಿ ಸೋಲುವುದು, ಉಜ್ಬೇಕಿಸ್ತಾನದಿಂದ ಸಾಧ್ಯವಾದರೆ ಒಂದು ಅಂಕ ಕಸಿಯುವುದು, ಸಿರಿಯಾವನ್ನು ಗೆಲ್ಲುವುದು: ಇದೇ ನಮ್ಮ ದಾರಿ. 2019ರವರೆಗಿನ ಟೂರ್ನಿಗಳಲ್ಲಿ ಸಿರಿಯಾ ಗುಂಪು ಹಂತವನ್ನು ದಾಟಿರಲಿಲ್ಲ. ಆ ತಂಡದ ಕೋಚ್ ಅರ್ಜೆಂಟೀನಾದ ಹೆಕ್ಟರ್ ಕೂಪರ್. 2017ರಲ್ಲಿ ಏಷ್ಯಾದ ವರ್ಷದ ಆಟಗಾರನಾಗಿದ್ದ ಒಮರ್ ಖ್ರಿಬಿನ್ ಮುಂದಿನ ಸಾಲಿನಲ್ಲಿದ್ದಾರೆ. ಕೂಪರ್ ತಂಡಗಳು ಗೋಲು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳದಿರುವುದಕ್ಕೆ ಹೆಸರಾದವು, ಹಾಗಾಗಿ ನೋಡಲು ಸೊಗಸಿನ ಪಂದ್ಯವನ್ನೇನೂ ನಿರೀಕ್ಷಿಸಬೇಡಿ.

ಕಪ್ ಯಾರದ್ದು ಎಂಬ ಪ್ರಶ್ನೆಗೆ ನನ್ನ ಉತ್ತರ ಜಪಾನ್. ನಾಲ್ಕು ಸಲ ಗೆದ್ದ ತಂಡ, ಸೆಪ್ಟೆಂಬರ್‌ನಲ್ಲಿ ಜರ್ಮನಿಯನ್ನು ಅದರ ನೆಲದಲ್ಲೇ 4–1ರಿಂದ ಸೋಲಿಸಿದೆ. ಲಿವರ್‌ಪೂಲ್‌ನ ವತಾರು ಎಂಡೊ ನಾಯಕ, ರಿಯಲ್ ಸೊಸಿಯೆಡಾಡ್‌ನ ತಕೆಫುಸಾ ಕುಬೊ, ಆರ್ಸೆನಲ್‌ನ ತೊಮಿಯಾಸು, ಕಾಲುನೋವಿನಿಂದ ಚೇತರಿಸಿಕೊಳ್ಳುತ್ತಿರುವ ಕೌರು ಮಿತೊಮಾ. ಕೋಚ್ ಹಾಜಿಮೆ ಮೊರಿಯಾಸು ಅವರಿಗೆ ಈ ಊರು ಹಳೆಯ ಗಾಯ: 1993ರ ಅಕ್ಟೋಬರ್‌ನಲ್ಲಿ ಇಲ್ಲಿ ಇರಾಕ್ ಕೊನೆಯ ಗಳಿಗೆಯಲ್ಲಿ 2–2 ಮಾಡಿ ಜಪಾನಿನ ಮೊದಲ ವಿಶ್ವಕಪ್ ಕನಸನ್ನು ಮುರಿದಾಗ ಅವರು ಮೈದಾನದಲ್ಲಿದ್ದರು. 19ರಂದು ಎಜುಕೇಷನ್ ಸಿಟಿಯಲ್ಲಿ ಎದುರಾಗುವುದು ಅದೇ ಇರಾಕ್, ಗುಂಪು ಹಂತದಲ್ಲಿ ನಾನು ತಪ್ಪಿಸಿಕೊಳ್ಳಬಾರದೆಂದುಕೊಂಡಿರುವ ಪಂದ್ಯ. ಒಂದು ಎಚ್ಚರಿಕೆಯೂ ಇದೆ. ವಿಶ್ವಕಪ್‌ನಲ್ಲಿ ಜರ್ಮನಿ, ಸ್ಪೇನ್ ಎರಡನ್ನೂ ಕೆಡವಿದ ಜಪಾನ್, ಹಿಂದೆ ಸರಿದು ಗೋಲು ಕಾಯ್ದ ಕೋಸ್ಟರಿಕಾಕ್ಕೆ 0–1ರಿಂದ ಸೋತಿತು. ಏಷ್ಯಾದಲ್ಲಿ ಬಹುತೇಕ ತಂಡಗಳು ಅದರ ಎದುರು ಕೋಸ್ಟರಿಕಾದಂತೆಯೇ ಆಡುತ್ತವೆ.

ಸನ್ ಹ್ಯೂಂಗ್ ಮಿನ್, ಬಯರ್ನ್‌ನ ಕಿಮ್ ಮಿನ್ ಜೇ, ಪ್ಯಾರಿಸ್‌ನ ಲೀ ಕಾಂಗ್ ಇನ್ ಮೂವರನ್ನೂ ಹೊಂದಿರುವ ದಕ್ಷಿಣ ಕೊರಿಯಾ 1960ರ ನಂತರ ಕಪ್ ಗೆದ್ದಿಲ್ಲವೆಂದರೆ ನಂಬುವುದು ಕಷ್ಟ. ಕೋಚ್ ಯೂರ್ಗನ್ ಕ್ಲಿನ್ಸ್‌ಮನ್ ಬಗ್ಗೆ ಅಲ್ಲಿನವರಿಗೇ ಸಂಶಯವಿದೆ, ನನಗೂ ಇದೆ. ಮೆಹ್ದಿ ತರೇಮಿ, ಸರ್ದಾರ್ ಅಜ್ಮೂನ್ ಜೋಡಿಯ ಇರಾನ್ ಕೂಡ 1976ರಿಂದ ಬರಿಗೈಯಲ್ಲಿದೆ. ಮಾಂಚಿನಿ ತರಬೇತಿಯ ಸೌದಿ ಅರೇಬಿಯಾಕ್ಕೆ ಗಡಿ ದಾಟಿ ಕಾರಿನಲ್ಲಿ ಬರುವ ಬೆಂಬಲಿಗರ ಬಲವುಂಟು.

ಹಾಲಿ ಚಾಂಪಿಯನ್ ಕತಾರ್ ವಿಚಾರ ಬೇರೆ. 2019ರಲ್ಲಿ ಅಲ್ಮೋಯಿಜ್ ಅಲಿ ದಾಖಲೆಯ 9 ಗೋಲು ಹೊಡೆದರು, ಅಕ್ರಮ್ ಅಫೀಫ್ 10 ಗೋಲುಗಳಿಗೆ ಚೆಂಡು ಒದಗಿಸಿದರು. ಆದರೆ ತವರಿನ ವಿಶ್ವಕಪ್‌ನಲ್ಲಿ ಮೂರೂ ಪಂದ್ಯ ಸೋತ ನಾಚಿಕೆ ಇನ್ನೂ ಮಾಸಿಲ್ಲ, ಡಿಸೆಂಬರ್‌ನಲ್ಲಿ ಕಾರ್ಲೋಸ್ ಕೈರೋಶ್ ಅವರನ್ನು ಬಿಟ್ಟು ಸ್ಥಳೀಯ ಕ್ಲಬ್ಬಿನ ಕೋಚ್ ಆಗಿದ್ದ ಮಾರ್ಕೇಸ್ ಅವರನ್ನು ತರಲಾಗಿದೆ. ಕಚೇರಿಯ ಕತಾರಿ ಸಹೋದ್ಯೋಗಿಗಳು ತಂಡದ ಮಾತೆತ್ತಿದರೆ ಮುಗುಳ್ನಕ್ಕು ಸುಮ್ಮನಾಗುತ್ತಾರೆ. ಅಫೀಫ್ ಮಾತ್ರ ತಮ್ಮ ದಿನ ಬಂದರೆ ಯಾವ ತಂಡವನ್ನಾದರೂ ಒಬ್ಬರೇ ಮಣಿಸಿಬಿಡಬಲ್ಲ ಆಟಗಾರ.

ಇವರಾಚೆಗೆ, ಮೊದಲ ಸಲ ಆಡುತ್ತಿರುವ ತಜಿಕಿಸ್ತಾನ, ಮೂಸಾ ಅಲ್ ತಮಾರಿಯ ಓಟವನ್ನು ನಂಬಿರುವ ಜೋರ್ಡಾನ್ ಇವೆ. ಎಲ್ಲಕ್ಕಿಂತ ಮಿಗಿಲಾಗಿ ಪ್ಯಾಲೆಸ್ಟೀನ್ ಇದೆ. 2019ರವರೆಗಿನ ಏಷ್ಯನ್ ಕಪ್‌ಗಳಲ್ಲಿ ಒಂದು ಪಂದ್ಯವನ್ನೂ ಗೆದ್ದಿರದ ತಂಡ ಗಾಜಾ ಯುದ್ಧದ ನಡುವೆ ಬಂದಿದೆ. ಟಿಕೆಟ್ ಹಣವನ್ನು ಅಲ್ಲಿನ ಪರಿಹಾರ ಕಾರ್ಯಕ್ಕೆ ಕೊಡುವುದಾಗಿ ಸಂಘಟಕರು ಪ್ರಕಟಿಸಿದ್ದಾರೆ. ಯಾವ ದೇಶದವರೇ ಇರಲಿ, ಪ್ಯಾಲೆಸ್ಟೀನ್ ಪಂದ್ಯದಲ್ಲಿ ಗ್ಯಾಲರಿ ಯಾರ ಕಡೆ ಎಂಬುದರಲ್ಲಿ ಅನುಮಾನವಿಲ್ಲ.

ಭಾರತದ ಪಂದ್ಯಗಳು ಭಾರತೀಯ ಸಮಯಕ್ಕೆ 13ರಂದು ಸಂಜೆ 5, 18ರಂದು ರಾತ್ರಿ 8 ಮತ್ತು 23ರಂದು ಸಂಜೆ 5 ಗಂಟೆಗೆ. ಇಲ್ಲಿ ಮೊದಲನೆಯದು ವಾರದ ರಜೆಗೆ ಬರುತ್ತದೆ, ಎರಡನೆಯದು ಕೆಲಸ ಬಿಟ್ಟ ಹೊತ್ತಿಗೆ. ಸಿರಿಯಾ ಪಂದ್ಯ ಮಾತ್ರ ಮಂಗಳವಾರ ಇಲ್ಲಿನ ಸಮಯ ಮಧ್ಯಾಹ್ನ ಎರಡೂವರೆಗೆ, ಅದೂ ನಗರದಿಂದ ದೂರದ ಅಲ್ ಖೋರ್‌ನಲ್ಲಿರುವ ಅಲ್ ಬೈತ್ ಕ್ರೀಡಾಂಗಣದಲ್ಲಿ. ಮೆಟ್ರೊ ಲುಸೈಲ್‌ವರೆಗಷ್ಟೇ ಹೋಗುತ್ತದೆ, ಅಲ್ಲಿಂದ ಮುಂದೆ ಬಸ್ಸು. ನಾನು ರಜೆಯ ಅರ್ಜಿ ಹಾಕಿರುವುದು ಆ ದಿನಕ್ಕೆ.