ಕುದುರೆ ಹಿಡಿದ ರಾತ್ರಿ

ನಮ್ಮೂರ ಕುರುಕ್ಷೇತ್ರ ನಾಟಕದಲ್ಲಿ ನನಗೆ ಸಿಕ್ಕಿದ್ದು ಕುದುರೆ ಹಿಡಿಯುವ ಕೆಲಸ. ಅದೂ ಪರದೆ ಹಿಂದೆ. ಮುಖಕ್ಕೆ ಬಣ್ಣವೂ ಇಲ್ಲ.

ತಿಪಟೂರಿನ ಸುತ್ತಮುತ್ತ ಪೌರಾಣಿಕ ನಾಟಕ ಅಂದ್ರೆ ದುಡ್ಡು ಕೊಟ್ಟು ಪಾತ್ರ ಮಾಡುವುದು. ದೊಡ್ಡ ಪಾತ್ರಕ್ಕೆ ಜಾಸ್ತಿ, ಚಿಕ್ಕದಕ್ಕೆ ಕಡಿಮೆ. ದೊಡ್ಡಪ್ಪ ಮನೆಯ ಕೊಬ್ಬರಿ ಮಾರಿ ದುರ್ಯೋಧನನ ಪಾತ್ರ ಹಿಡಿದಿದ್ದರು. ಶಕುನಿ ಪಾತ್ರ ಊರಿನ ಬಡ್ಡಿ ಸಾಹುಕಾರರ ಪಾಲಾಗಿತ್ತು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ದ್ರೌಪದಿ, ಉತ್ತರೆ ಮಾಡಲು ಮಾತ್ರ ತುಮಕೂರಿನಿಂದ ಕಲಾವಿದೆಯರು ಬಂದಿದ್ದರು. ಇಡೀ ನಾಟಕದಲ್ಲಿ ದುಡ್ಡು ಕೊಡದೆ, ದುಡ್ಡು ತಗೊಂಡು ಪಾತ್ರ ಮಾಡಿದವರು ಅವರೇ. ಎಲ್ಲರಿಗಿಂತ ಚೆನ್ನಾಗಿ ಮಾಡಿದವರೂ ಅವರೇ ಅನ್ನಿ.

ಕುದುರೆ ಯಾಕೆ ಬಂತು ಅಂತ ಹೇಳಬೇಕು. ನಮ್ಮಜ್ಜ ಹುಡುಗನಾಗಿದ್ದಾಗ ಗುಬ್ಬಿ ನಾಟಕ ಕಂಪನಿಯ ಕುರುಕ್ಷೇತ್ರ ನೋಡಿದ್ದರಂತೆ. ಅದರಲ್ಲಿ ನಿಜವಾದ ಆನೆ, ಕುದುರೆ ರಂಗದ ಮೇಲೆ ಬರುತ್ತಿದ್ದವು. ಅಜ್ಜ ಸಾಯುವವರೆಗೂ ಅದನ್ನೇ ಹೇಳುತ್ತಿದ್ದರು. ದೊಡ್ಡಪ್ಪನ ತಲೆಯಲ್ಲಿ ಅದು ಕೂತುಬಿಟ್ಟಿತ್ತು. 'ಆನೆ ಆಗಲ್ಲ, ಹೋಗ್ಲಿ. ಒಂದು ಕುದುರೆನಾದ್ರೂ ತರಿಸೋಣ ಕಣ್ಲಾ' ಅಂದರು. ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವ ಬಿಳಿ ಕುದುರೆ ಬಂತು. ಅದರ ಹುಡುಗ ಊಟ ಮಾಡಿ ಲಗಾಮು ನನ್ನ ಕೈಗೆ ಕೊಟ್ಟು ಎಲ್ಲೋ ಮಲಗಿಬಿಟ್ಟ.

ರಾತ್ರಿ ಒಂಬತ್ತೂವರೆಗೆ ಪರದೆ ಎದ್ದಿತು. ಯುದ್ಧದ ಸೀನು ಬರುವುದು ಬೆಳಗಿನ ಜಾವ. ಅಲ್ಲಿವರೆಗೆ ನಾನು, ಕುದುರೆ, ಜೊತೆಗೆ ಬಣ್ಣದ ತಾತ. ಮೇಕಪ್ಪಿಗೆ ಬರುತ್ತಿದ್ದ ಅವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ನಾಟಕ ಕಂಪನಿಗಳಲ್ಲಿ ಪರದೆ ಎಳೆದವರು. ಒಬ್ಬರ ಮುಖಕ್ಕೆ ಬಣ್ಣ ಮುಗಿಸಿ ಬಂದು ಬೀಡಿ ಹಚ್ಚುವರು, ಒಂದಿಷ್ಟು ಹೇಳುವರು, ಮತ್ತೆ ಎದ್ದು ಹೋಗುವರು.

'ನಿಮ್ಮ ದೊಡ್ಡಪ್ಪ ರಾಜನ ಪಾರ್ಟೇ ಬೇಕು ಅಂತ ದುಡ್ಡು ಕೊಟ್ರಲ್ಲ. ಗುಬ್ಬಿ ವೀರಣ್ಣೋರು ಕಂಪನಿ ಯಜಮಾನ್ರು. ಅವರು ಹೆಸರು ಮಾಡಿದ ಪಾರ್ಟು ಯಾವ್ದು ಗೊತ್ತಾ?' ಅಂತ ಕೇಳಿದರು.

ನನಗೆ ಗೊತ್ತಿರಲಿಲ್ಲ.

'ಕಳ್ಳನ ಪಾರ್ಟು ಕಣಪ್ಪ! ಸದಾರಮೆ ನಾಟಕದ ಕಳ್ಳ.'

ಆಮೇಲೆ ಓದಿಕೊಂಡಾಗ ತಾತನ ಮಾತಿನ ತೂಕ ಗೊತ್ತಾಯಿತು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. 1891ರಲ್ಲಿ ಹುಟ್ಟಿದ ವೀರಣ್ಣ ಚಿಕ್ಕ ಹುಡುಗನಾಗಿದ್ದಾಗಲೇ ಅದಕ್ಕೆ ಸೇರಿ, ಮುಂದೆ ಅದರ ಒಡೆಯರಾದರು. ಜನರನ್ನು ನಗಿಸುವುದೇ ಅವರ ದೊಡ್ಡ ವಿದ್ಯೆ. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಹೆಂಗಸರನ್ನು ರಂಗಕ್ಕೆ ತಂದರು. ಬಿ. ಜಯಮ್ಮ ಆ ಕಂಪನಿಯ ಹೆಸರಾಂತ ನಟಿ. ಕುರುಕ್ಷೇತ್ರದಲ್ಲಿ ಆನೆ ಬಂದದ್ದು 1934ರಲ್ಲಿ. ಅದೇ ವರ್ಷ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ತೆರೆಗೆ ಬಂತು. ತೆರೆ ಮೇಲೆ ನೆರಳು ಮಾತಾಡಲು ಶುರು ಮಾಡಿದಾಗ ಇವರು ಜೀವಂತ ಆನೆ ತಂದು ನಿಲ್ಲಿಸಿದರು. ಇದು ಸಿನಿಮಾಗೆ ಕೊಟ್ಟ ಸವಾಲು ಅಂತ ನನಗೆ ಅನ್ನಿಸುತ್ತದೆ. ಹಾಗಂತ ಸಿನಿಮಾ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ಮೂಕಿ ಕಾಲದಲ್ಲೇ ಅದಕ್ಕೂ ಕೈ ಹಾಕಿದ್ದರು.

ಆ ರಾತ್ರಿ ತಾತ ಹೆಚ್ಚು ಮಾತಾಡಿದ್ದು ದನಿಯ ಬಗ್ಗೆ. ಹೊರಗೆ ಭೀಮನ ಪಾತ್ರದ ಹುಡುಗ ಮೈಕ್ ನುಂಗುವ ಹಾಗೆ ಕಿರುಚುತ್ತಿದ್ದ. ತಾತನ ಮುಖ ಹುಳ್ಳಗಾಯಿತು. 'ನಾಲ್ಕಾಣೆ ಕೊಟ್ಟು ಹಿಂದೆ ಕೂತೋನಿಗೂ ಮಾತು ಕೇಳಬೇಕಿತ್ತು. ಮೈಕ್ ಎಲ್ಲಿತ್ತು? ಕಿರುಚಿದ್ರೆ ಕೇಳ್ಸಲ್ಲ, ಅಕ್ಷರ ಬಿಡಿಸಿ ಹೇಳಿದ್ರೆ ಕೇಳ್ಸುತ್ತೆ. ರಾಜ್‌ಕುಮಾರ್ ಅದನ್ನ ಎಲ್ಲಿ ಕಲಿತ್ರು ಅಂದ್ಕೊಂಡೆ?'

ರಾಜ್‌ಕುಮಾರ್ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ. ಮಗ ಮುತ್ತುರಾಜ ಹುಡುಗನಾಗಿದ್ದಾಗಲೇ ಅಪ್ಪನ ಹಿಂದೆ ಕಂಪನಿ ಸೇರಿದವರು. ಅವರನ್ನು ನಾಯಕನನ್ನಾಗಿ ಮಾಡಿದ 1954ರ 'ಬೇಡರ ಕಣ್ಣಪ್ಪ' ತೆಗೆದವರಲ್ಲೂ ವೀರಣ್ಣನವರ ಸಂಸ್ಥೆಯೇ ಇತ್ತು. ಅದರಲ್ಲಿದ್ದ ನರಸಿಂಹರಾಜು ನಮ್ಮ ತಿಪಟೂರಿನವರು, ಅವರೂ ಕಂಪನಿಯಲ್ಲಿ ಪಳಗಿದವರೇ. ಈಗ ಟಿವಿಯಲ್ಲಿ ಆ ಹಳೆ ಸಿನಿಮಾ ಬಂದರೆ ನಾನು ಕಣ್ಣು ಮುಚ್ಚಿ ಸುಮ್ನೆ ಮಾತು ಕೇಳುತ್ತೇನೆ. ಒಂದು ಅಕ್ಷರವೂ ಕಳೆದುಹೋಗುವುದಿಲ್ಲ. ಕೊನೆ ಸಾಲಿನ ನಾಲ್ಕಾಣೆಯವನಿಗೂ ಕೇಳಿಸುವ ದನಿ ಅದು.

ನಾಲ್ಕು ಗಂಟೆ ಹೊತ್ತಿಗೆ ಯುದ್ಧ ಬಂತು. ನಾನು ಲಗಾಮು ಬಿಟ್ಟು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಗದೆ ಒಂದು ಕೈಯಲ್ಲಿ, ಲಗಾಮು ಒಂದು ಕೈಯಲ್ಲಿ ಹಿಡಿದು ರಂಗಕ್ಕೆ ಹೋದರು. ಶಿಳ್ಳೆಯೋ ಶಿಳ್ಳೆ. ದೊಡ್ಡಪ್ಪ ಹಾಡು ಎತ್ತಿಕೊಂಡರು. ಅಷ್ಟರಲ್ಲಿ ಯಾರೋ ಯುದ್ಧದ ಸದ್ದಿಗೆ ಅಂತ ಪಟಾಕಿ ಹಚ್ಚಿದರು. ಮೆರವಣಿಗೆಯ ಕುದುರೆ, ಪಟಾಕಿಗೆ ಹೆದರಲಿಲ್ಲ. ಪಟಾಕಿ ಅಂದ್ರೆ ಮೆರವಣಿಗೆ ಹೊರಟಿತು ಅಂತ ಅದಕ್ಕೆ ಗೊತ್ತು. ಕುಣಿಯಲು ಶುರು ಮಾಡಿತು! ಮುಂಗಾಲು ಎತ್ತಿ, ಕತ್ತು ಅಲ್ಲಾಡಿಸಿ, ತಮಟೆಗೆ ಕುಣಿಯುವ ಹಾಗೆ. ದುರ್ಯೋಧನ ಅದರ ಸುತ್ತ ತಿರುಗತೊಡಗಿದ. ಕಿರೀಟ ಬಿತ್ತು. ಹಾರ್ಮೋನಿಯಂ ಹಿಡಿದಿದ್ದ ಪೆಟ್ಟಿ ಮೇಷ್ಟ್ರು ನಗು ತಡೆಯಲಾರದೆ ಶ್ರುತಿ ಬಿಟ್ಟರು. ಜನ ಎದ್ದು ನಿಂತು 'ಒನ್ಸ್ ಮೋರ್' ಅಂತ ಕೂಗಿದರು.

ಬೆಳಕು ಹರಿದ ಮೇಲೆ ದೊಡ್ಡಪ್ಪ ಅರ್ಧ ಬಣ್ಣ ಒರೆಸಿಕೊಂಡು ಟೀ ಲೋಟ ಹಿಡಿದು ಕೂತಿದ್ದರು. ಇಡೀ ರಾತ್ರಿಯಲ್ಲಿ ಜನ ಒನ್ಸ್ ಮೋರ್ ಕೇಳಿದ್ದು ಕುದುರೆಗೆ ಮಾತ್ರ ಅನ್ನುವ ಸಂಕಟ ಮುಖದ ಮೇಲಿತ್ತು. ತುಂಬ ಹೊತ್ತಾದ ಮೇಲೆ ಬಣ್ಣದ ತಾತನನ್ನು ಕೇಳಿದರು.

'ಅಲ್ಲ ತಾತ, ಅಂಥಾ ಆನೆನ ಅವರು ಹೆಂಗೆ ಸುಮ್ನೆ ನಿಲ್ಲಿಸ್ತಿದ್ರು?'

ತಾತ ಬಣ್ಣದ ಪೆಟ್ಟಿಗೆ ಮುಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

'ನಿನ್ ಕುದುರೆ ತಾಲೀಮಿಗೆ ಎಷ್ಟು ದಿನ ಬಂದಿತ್ತಪ್ಪ?'